ಬೀಜಗಳ ನಕ್ಷೆ ಬರೆದ ವಾವಿಲೋವ್

ಕೃಷಿ ಅಧಿಕಾರಿ ಹುದ್ದೆಗೋ ಅರಣ್ಯ ಸೇವೆಗೋ ಓದುತ್ತಿರುವ ಗೆಳೆಯರಿಗೆ ವಾವಿಲೋವ್ ಎಂಬ ಹೆಸರು ಎಲ್ಲಾದರೂ ಕಣ್ಣಿಗೆ ಬಿದ್ದೇ ಇರುತ್ತದೆ. ಹೊಂದಿಸಿ ಬರೆಯುವ ಪ್ರಶ್ನೆ. ಎಡಗಡೆ ಆಲೂಗಡ್ಡೆ, ಮೆಕ್ಕೆಜೋಳ, ಭತ್ತ, ಕಾಫಿ. ಬಲಗಡೆ ಆಂಡೀಸ್ ಪರ್ವತ, ಮೆಕ್ಸಿಕೊ, ಭಾರತ, ಇಥಿಯೋಪಿಯಾ. ಮೇಲೆ ‘ವಾವಿಲೋವ್ ಕೇಂದ್ರಗಳು’ ಎಂಬ ತಲೆಬರಹ. ಗೆರೆ ಎಳೆದು, ಅಂಕ ಗಿಟ್ಟಿಸಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಆ ಪಟ್ಟಿ ಮಾಡಲು ಒಬ್ಬ ಮನುಷ್ಯ ಕುದುರೆ, ಹೇಸರಗತ್ತೆ, ರೈಲು, ಹಡಗು ಹತ್ತಿ ಖಂಡ ಖಂಡ ಸುತ್ತಿದರು, ಕೊನೆಗೆ ಜೈಲಿನಲ್ಲಿ ಹಸಿವಿನಿಂದ ನಿತ್ರಾಣರಾಗಿ ಸತ್ತರು ಎಂಬುದು ಗೈಡ್‌ನಲ್ಲಿ ಇರುವುದಿಲ್ಲ.

ನಾನು ಓದುತ್ತಿರುವುದು ಸಿವಿಲ್ ಎಂಜಿನಿಯರಿಂಗ್. ಗಿಡಮರಗಳ ಪಾಠ ನಮಗೆ ಇಲ್ಲ. ಆದರೆ ರಸ್ತೆ, ಕಾಲುವೆ, ಅಣೆಕಟ್ಟು ಎಲ್ಲಿ ಬರಬೇಕು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವವರು ನಾಳೆ ನಾವೇ. ಸರ್ವೆ ಕ್ಯಾಂಪಿನಲ್ಲಿ ಮೂರು ಅಲೈನ್‌ಮೆಂಟ್ ಹಾಕಿ, ಯಾವುದರಲ್ಲಿ ಮಣ್ಣು ಅಗೆಯುವ ಖರ್ಚು ಕಡಿಮೆ ಎಂದು ಲೆಕ್ಕ ಹಾಕುತ್ತೇವೆ. ಆ ಹಾಳೆಯಲ್ಲಿ ಅಲ್ಲಿ ಬೆಳೆದಿರುವ ಗಿಡಗಳಿಗೆ ಒಂದು ಕಾಲಂ ಇರುವುದಿಲ್ಲ. ಇದ್ದರೂ ಅದರಲ್ಲಿ ಏನು ತುಂಬಬೇಕು? ಅಳಿವಿನಂಚಿನಲ್ಲಿರುವ ಸಸ್ಯಗಳು ಸಾವಿರಾರು. ಹಣ, ಜನ, ಸಮಯ ಮೂರೂ ಕಡಿಮೆ. ಎಲ್ಲವನ್ನೂ ಎಲ್ಲ ಕಡೆ ಉಳಿಸಲು ಆಗದಿದ್ದರೆ ಮೊದಲು ಯಾವ ಜಾಗಕ್ಕೆ ಹೋಗಬೇಕು? ಮನುಷ್ಯ ಬೆಳೆಯುವ ಬೆಳೆಗಳ ಮಟ್ಟಿಗೆ ಈ ಪ್ರಶ್ನೆಯನ್ನು ಇಡೀ ಜಗತ್ತಿನ ನಕ್ಷೆಯ ಮೇಲಿಟ್ಟು ಉತ್ತರ ಹುಡುಕಿದವರು ನಿಕೊಲಾಯ್ ಇವಾನೊವಿಚ್ ವಾವಿಲೋವ್.

ಅವರು ಹುಟ್ಟಿದ್ದು 1887ರಲ್ಲಿ, ಮಾಸ್ಕೊದಲ್ಲಿ. ತಂದೆ ರೈತ ಕುಟುಂಬದಿಂದ ಬಂದು ನಗರದಲ್ಲಿ ಬಟ್ಟೆ ವ್ಯಾಪಾರಿಯಾಗಿ ನೆಲೆ ಕಂಡವರು. ಮಗ ನಾಲ್ಕು ವರ್ಷದವನಿದ್ದಾಗ, 1891–92ರಲ್ಲಿ, ರಷ್ಯಾದಲ್ಲಿ ಮಳೆ ಕೈಕೊಟ್ಟು ಬೆಳೆ ಒಣಗಿ ಲಕ್ಷಾಂತರ ಜನ ಸತ್ತರು. ಮಗನನ್ನು ವಾಣಿಜ್ಯ ಶಾಲೆಗೆ ಸೇರಿಸಿದರು, ಅವನು ಆರಿಸಿಕೊಂಡದ್ದು ಕೃಷಿ. ತಮ್ಮ ಸೆರ್ಗೆಯ್ ಭೌತಶಾಸ್ತ್ರಕ್ಕೆ ಹೋದ. ಅಂಗಡಿ ನೋಡಿಕೊಳ್ಳಲು ಇಬ್ಬರೂ ಉಳಿಯಲಿಲ್ಲ. ಮನೆಯವರ ಆಸೆಗೂ ಮಕ್ಕಳ ಕೋರ್ಸಿಗೂ ತಾಳೆಯಾಗದ ಸಂಗತಿ ಹೊಸದೇನಲ್ಲ ಬಿಡಿ.

1906ರಲ್ಲಿ ಮಾಸ್ಕೊ ಕೃಷಿ ಕಾಲೇಜು ಸೇರಿದರು. ಅವರ ಪದವಿಯ ಪ್ರಬಂಧ ಹೊಲಗಳಿಗೆ ಕಾಟ ಕೊಡುವ ಚಿಪ್ಪಿಲ್ಲದ ಬಸವನಹುಳುಗಳ ಬಗ್ಗೆ. ಆಗ ಜೀವವಿಜ್ಞಾನದಲ್ಲಿ ಬಿಸಿಬಿಸಿ ವಿಷಯವೆಂದರೆ ಮೆಂಡಲ್. ಬಟಾಣಿ ಗಿಡಗಳ ಮೇಲೆ ಆತ ಮಾಡಿದ ಲೆಕ್ಕ ಮೂವತ್ತೈದು ವರ್ಷ ಮೂಲೆಯಲ್ಲಿದ್ದು, 1900ರಲ್ಲಿ ಮತ್ತೆ ಬೆಳಕಿಗೆ ಬಂದಿತ್ತು. ತಂದೆತಾಯಿ ಗಿಡಗಳ ಗುಣ ಮರಿಗಿಡಕ್ಕೆ ಲೆಕ್ಕಾಚಾರದಂತೆ ಇಳಿದುಬರುತ್ತದೆ ಎಂದಾದರೆ, ಬೇಕಾದ ಗುಣವನ್ನು ಹುಡುಕಿ ತಂದು ಬೇಕಾದ ಬೆಳೆಗೆ ಸೇರಿಸಬಹುದು. 1913ರಲ್ಲಿ ಇಂಗ್ಲೆಂಡಿಗೆ ಹೋದ ವಾವಿಲೋವ್, ಈ ಹೊಸ ವಿಜ್ಞಾನದ ಮುಂಚೂಣಿಯಲ್ಲಿದ್ದ ವಿಲಿಯಂ ಬೇಟ್ಸನ್ ಬಳಿ ಕಲಿತರು. ಮರುವರ್ಷ ಮಹಾಯುದ್ಧ ಶುರುವಾಗಿ ಊರಿಗೆ ಮರಳಬೇಕಾಯಿತು.

ಅವರ ಮೊದಲ ದೊಡ್ಡ ಪ್ರಯಾಣಕ್ಕೆ ಕಾರಣ ರೊಟ್ಟಿ. 1916ರಲ್ಲಿ ಪರ್ಷಿಯಾದಲ್ಲಿದ್ದ ರಷ್ಯದ ಸೈನಿಕರು ಅಲ್ಲಿನ ಹಿಟ್ಟಿನ ರೊಟ್ಟಿ ತಿಂದು ತಲೆ ಸುತ್ತಿ ಬೀಳುತ್ತಿದ್ದರು. ಕಾರಣ ಹುಡುಕಲು ವಾವಿಲೋವ್ ಅವರನ್ನು ಕಳಿಸಿದರು. ಗೋಧಿಯ ಜೊತೆ ಬೆಳೆಯುವ ಒಂದು ವಿಷಕಾರಿ ಕಳೆಯ ಬೀಜ ಹಿಟ್ಟಿನಲ್ಲಿ ಬೆರೆತಿದೆ ಎಂದು ಅವರು ಪತ್ತೆ ಮಾಡಿದರು. ಕೆಲಸ ಮುಗಿದ ಮೇಲೆ ಮನೆಗೆ ಹೋಗದೆ ಪಾಮೀರ್ ಪರ್ವತದ ಕಡೆ ತಿರುಗಿದರು. ದಾರಿಯಲ್ಲಿ ರಷ್ಯದ ಗಡಿ ಕಾವಲಿನವರೇ ಅವರನ್ನು ಜರ್ಮನ್ ಗೂಢಚಾರನೆಂದು ಹಿಡಿದಿಟ್ಟುಕೊಂಡು ಆಮೇಲೆ ಬಿಟ್ಟರು.

ಬೆಟ್ಟ ಏರುತ್ತ ಹೋದಂತೆ ಅವರು ಒಂದು ವಿಚಿತ್ರ ಗಮನಿಸಿದರು. ಕೆಳಗಿನ ಕಣಿವೆಗಳಲ್ಲಿ ಗೋಧಿ ಹೊಲದಲ್ಲಿ ರೈ ಎಂಬ ಧಾನ್ಯ ಕಳೆಯಾಗಿ ಬೆಳೆಯುತ್ತಿತ್ತು. ರೈತರು ಅದನ್ನು ಬೈಯುತ್ತಲೇ ಬಿಡುತ್ತಿದ್ದರು. ಇನ್ನೂ ಮೇಲೆ ಹೋದರೆ ಹೊಲದಲ್ಲಿ ಅರ್ಧ ಗೋಧಿ, ಅರ್ಧ ರೈ. ತೀರಾ ಮೇಲೆ, ಚಳಿ ತಡೆಯಲಾರದೆ ಗೋಧಿ ಹಿಂದೆ ಬಿದ್ದಲ್ಲಿ, ಹೊಲದ ತುಂಬ ರೈ. ರೈತ ಅದನ್ನೇ ಕೊಯ್ದು ರೊಟ್ಟಿ ಮಾಡುತ್ತಿದ್ದ. ಕೆಳಗಿನ ಕಳೆ ಮೇಲಿನ ಬೆಳೆ! ರಷ್ಯದ ಬಡವರ ಕಪ್ಪು ರೊಟ್ಟಿಯ ಧಾನ್ಯ ಹುಟ್ಟಿದ್ದು ಹೀಗೆ, ಗೋಧಿಯ ಬೆನ್ನು ಹತ್ತಿಕೊಂಡು, ಎಂದು ವಾವಿಲೋವ್ ತೀರ್ಮಾನಿಸಿದರು. ಒಂದು ಬೆಟ್ಟ ಹತ್ತುವಷ್ಟರಲ್ಲಿ ಕೃಷಿಯ ಸಾವಿರಾರು ವರ್ಷಗಳ ಕಥೆ ಕಣ್ಣಮುಂದೆ ಬಿಚ್ಚಿಕೊಂಡಿತ್ತು. ಅಲ್ಲಿಂದ ಮುಂದೆ ಅವರ ಕಾಲು ಸದಾ ಬೆಟ್ಟಗಳ ಕಡೆಗೇ ಎಳೆಯುತ್ತಿತ್ತು.

1917ರಲ್ಲಿ ವೋಲ್ಗಾ ನದಿಯ ದಡದ ಸರಾತೊವ್ ನಗರದಲ್ಲಿ ಪ್ರೊಫೆಸರ್ ಆದರು. 1920ರಲ್ಲಿ ಅಲ್ಲಿ ನಡೆದ ಸಮ್ಮೇಳನದಲ್ಲಿ ಅವರು ಮಂಡಿಸಿದ ವಿಚಾರ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದ್ದು. ಹತ್ತಿರದ ಸಂಬಂಧಿ ಸಸ್ಯಗಳಲ್ಲಿ ಗುಣವೈವಿಧ್ಯ ಒಂದೇ ಸಾಲಿನಲ್ಲಿ ಸಾಗುತ್ತದೆ ಎಂದು ಅವರು ಹೇಳಿದರು. ಗೋಧಿಯಲ್ಲಿ ಮೀಸೆ ಇರುವ ತೆನೆ, ಮೀಸೆ ಇಲ್ಲದ ತೆನೆ, ಕೆಂಪು ಕಾಳು, ಬಿಳಿ ಕಾಳು ಇದ್ದರೆ ಅದರ ಸಂಬಂಧಿ ರೈಯಲ್ಲೂ ಅಂಥವು ಇರಬೇಕು. ಕೋಷ್ಟಕ ಬರೆದುಕೊಳ್ಳಿ, ಖಾಲಿ ಉಳಿದ ಚೌಕ ಯಾವುದೋ, ಆ ಗಿಡವನ್ನು ಹುಡುಕಿಕೊಂಡು ಹೋಗಿ. ಕೇಳಿದವರಿಗೆ ಮೆಂಡಲೀವ್‌ನ ಆವರ್ತ ಕೋಷ್ಟಕ ನೆನಪಾದದ್ದು ಸಹಜ.

ಮರುವರ್ಷ ಪೆಟ್ರೊಗ್ರಾಡ್ ನಗರದ ಸಸ್ಯವಿಜ್ಞಾನ ಸಂಸ್ಥೆಯ ಹೊಣೆ ಅವರಿಗೆ ಬಂತು. ಮೂರು ವರ್ಷಗಳಲ್ಲಿ ಆ ನಗರವೇ ಲೆನಿನ್‌ಗ್ರಾಡ್ ಆಯಿತು. ಕ್ರಾಂತಿ, ಅಂತರ್ಯುದ್ಧ ಎಲ್ಲ ಮುಗಿದು ಹೈರಾಣಾಗಿದ್ದ ಊರದು. ಕಟ್ಟಡದಲ್ಲಿ ಬೆಂಕಿ ಕಾಯಿಸಿಕೊಳ್ಳಲು ಸೌದೆ ಇರಲಿಲ್ಲ. ಸರಾತೊವ್‌ನ ಶಿಷ್ಯರು ಒಂದು ಗುಂಪಾಗಿ ಅವರ ಹಿಂದೆ ಬಂದರು. ಅದೇ ಹೊತ್ತಿಗೆ ಅವರು ಬಿಟ್ಟುಬಂದ ವೋಲ್ಗಾ ಸೀಮೆಯಲ್ಲಿ 1921–22ರ ಭೀಕರ ಕ್ಷಾಮ. ಸುಮಾರು 50 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಬರ ತಡೆಯುವ, ಚಳಿ ತಡೆಯುವ, ರೋಗ ತಡೆಯುವ ಬೀಜ ಬೇಕು. ಅದು ಎಲ್ಲಿದೆ? ಭೂಮಿಯ ಮೇಲೆ ಎಲ್ಲೋ ಒಬ್ಬ ರೈತನ ಕಣಜದಲ್ಲಿ ಇದ್ದೇ ಇದೆ ಎಂಬುದು ವಾವಿಲೋವ್ ನಂಬಿಕೆ. ಆದರೆ ಭೂಮಿ ದೊಡ್ಡದು. ಕುರುಡಾಗಿ ಅಲೆಯುವಂತಿರಲಿಲ್ಲ.

ಅವರಿಗಿಂತ ಮೊದಲು, 19ನೇ ಶತಮಾನದಲ್ಲಿ, ಸ್ವಿಟ್ಜರ್‌ಲೆಂಡಿನ ಡಿ ಕ್ಯಾಂಡೊಲ್ ಎಂಬ ಸಸ್ಯವಿಜ್ಞಾನಿ ಬೆಳೆಗಳ ಮೂಲ ಹುಡುಕಲು ಹಳೆಯ ಗ್ರಂಥಗಳು, ಗಿಡಗಳ ಹೆಸರುಗಳು, ಕಾಡು ಜಾತಿಗಳು ಇವನ್ನೆಲ್ಲ ನೋಡಿದ್ದರು. ವಾವಿಲೋವ್ ಎಣಿಕೆಗೆ ಇಳಿದರು. ಒಂದು ಬೆಳೆಯನ್ನು ಹಿಡಿದು ಅದರ ರೂಪಗಳನ್ನೆಲ್ಲ ಪಟ್ಟಿ ಮಾಡುವುದು: ತೆನೆಯ ಆಕಾರ, ಕಾಳಿನ ಬಣ್ಣ, ಎಲೆಯ ಕೂದಲು, ಕೊಯ್ಲಿಗೆ ಬರುವ ದಿನ, ರೋಗ ತಗಲುತ್ತದೋ ಇಲ್ಲವೋ. ಯಾವ ರೂಪ ಎಲ್ಲಿ ಸಿಕ್ಕಿತೆಂದು ನಕ್ಷೆಯಲ್ಲಿ ಗುರುತು ಹಾಕುವುದು. ಗುರುತುಗಳು ಎಲ್ಲಿ ಒತ್ತೊತ್ತಾಗಿ ಬೀಳುತ್ತವೋ ಅಲ್ಲಿಗೆ ಮೊದಲು ಹೋಗುವುದು. ಯುರೋಪಿನ ಬಯಲಿನಲ್ಲಿ ಮೈಲಿಗಟ್ಟಲೆ ನಡೆದರೂ ಒಂದೇ ಬಗೆಯ ಗೋಧಿ ಸಿಗುತ್ತಿತ್ತು. ಏಷ್ಯಾದ ಒಂದು ಇಕ್ಕಟ್ಟಾದ ಕಣಿವೆಯಲ್ಲಿ, ಒಂದೇ ಹೊಲದಲ್ಲಿ, ಹತ್ತಾರು ಬಗೆ.

1924ರಲ್ಲಿ ಅವರು ಅಫ್ಘಾನಿಸ್ತಾನಕ್ಕೆ ಹೋದರು. ಮೂರು ಜನ ಸಂಶೋಧಕರು, ಒಂದಷ್ಟು ಕುದುರೆಗಳು, ಸುಮಾರು 5000 ಕಿಲೊಮೀಟರ್ ದಾರಿ. ಹಿಂದೂಕುಶ್ ಪರ್ವತದ ಹಾದಿಗಳಲ್ಲಿ, ಹಳ್ಳಿಗಳ ಸಂತೆಗಳಲ್ಲಿ ಹಿಡಿ ಹಿಡಿ ಕಾಳು ಕೊಂಡು, ಚೀಟಿ ಬರೆದು, ಚೀಲಕ್ಕೆ ತುಂಬಿದರು. ಸುಮಾರು 7000 ಸ್ಯಾಂಪಲ್ ಸಿಕ್ಕಿತು. ರೊಟ್ಟಿಯ ಗೋಧಿಯ ವೈವಿಧ್ಯ ಆ ಸೀಮೆಯಲ್ಲಿ ತುಂಬಿ ತುಳುಕುತ್ತಿದೆ ಎಂಬುದು ಖಚಿತವಾಯಿತು. 1926ರಲ್ಲಿ ಬೆಳೆಗಳ ಉಗಮ ಕೇಂದ್ರಗಳ ಬಗ್ಗೆ ಅವರ ಪುಸ್ತಕ ಹೊರಬಂತು. ಮೊದಲು ಐದು ಕೇಂದ್ರಗಳನ್ನು ಗುರುತಿಸಿದ್ದರು. ಹೆಚ್ಚು ತಿರುಗಿದಂತೆ, ಹೆಚ್ಚು ಬೀಜ ಬಂದಂತೆ, 1935ರ ಹೊತ್ತಿಗೆ ಅದು ಎಂಟಾಯಿತು. ಗೈಡ್‌ನಲ್ಲಿ ಬಾಯಿಪಾಠ ಮಾಡುವ ಎಂಟು ಇದೇ. ಅವರು ಅದನ್ನು ಕೊನೆಯ ಮಾತೆಂದು ಯಾವತ್ತೂ ಭಾವಿಸಲಿಲ್ಲ, ತಿದ್ದುತ್ತಲೇ ಇದ್ದರು.

ಆ ನಕ್ಷೆಯಲ್ಲಿ ಎದ್ದು ಕಾಣುವುದೇನೆಂದರೆ, ಎಲ್ಲ ಕೇಂದ್ರಗಳೂ ಹೆಚ್ಚುಕಡಿಮೆ ಬೆಟ್ಟಗುಡ್ಡದ ಸೀಮೆಗಳು, ಭೂಮಿಯ ತುಂಬ ಸಣ್ಣ ಭಾಗ. ಬೆಟ್ಟದಲ್ಲಿ ನೂರು ಮೀಟರ್ ಏರಿದರೆ ಹವೆ ಬೇರೆ, ಮಣ್ಣು ಬೇರೆ, ಬಿಸಿಲು ಬೀಳುವ ಕೋನ ಬೇರೆ. ಒಂದು ಕಣಿವೆಯ ಬೀಜ ಇನ್ನೊಂದಕ್ಕೆ ಸುಲಭವಾಗಿ ದಾಟುವುದಿಲ್ಲ. ಜೊತೆಗೆ ಸಾವಿರಾರು ವರ್ಷ ಅಲ್ಲೇ ಕುಳಿತು ಬಿತ್ತಿ, ಆರಿಸಿ, ಮತ್ತೆ ಬಿತ್ತಿದ ರೈತರಿದ್ದಾರೆ. ನನಗನ್ನಿಸುವಂತೆ ವಾವಿಲೋವ್ ನಕ್ಷೆಯಲ್ಲಿ ಅರ್ಧ ಭೂಗೋಳ, ಇನ್ನರ್ಧ ಹೆಸರಿಲ್ಲದ ಆ ರೈತ ಗಂಡಸರು ಹೆಂಗಸರ ದುಡಿಮೆ. ಪಠ್ಯಪುಸ್ತಕದಲ್ಲಿ ಈ ಎರಡನೇ ಅರ್ಧ ಕಾಣುವುದಿಲ್ಲ.

1926–27ರಲ್ಲಿ ಮೆಡಿಟರೇನಿಯನ್ ದೇಶಗಳನ್ನು ಸುತ್ತಿ ಇಥಿಯೋಪಿಯಾ ತಲುಪಿದರು. ಈ ಪ್ರವಾಸದ ಪಟ್ಟಿ ಓದುವಾಗ ಕರ್ನಾಟಕದವರಿಗೆ ನಮ್ಮ ಮನೆಯ ಅಡುಗೆಕೋಣೆಗೇ ಬಂದಂತೆ ಆಗುತ್ತದೆ. ಆ ಎತ್ತರದ ಸೀಮೆಯ ಬೆಳೆಗಳಲ್ಲಿ ರಾಗಿ ಇದೆ. ಹುಚ್ಚೆಳ್ಳು ಇದೆ, ಉತ್ತರ ಕರ್ನಾಟಕದವರು ಗುರೆಳ್ಳು ಅನ್ನುವುದು. ಹರಳು ಇದೆ, ಕಾಫಿ ಇದೆ. ಹಳೇ ಮೈಸೂರಿನ ಮುದ್ದೆಯ ಮೂಲ ನೆಂಟರು ಆಫ್ರಿಕಾದ ಬೆಟ್ಟಗಳಲ್ಲಿದ್ದಾರೆ ಎಂದಾಯಿತು. ಇನ್ನು ಬ್ಯಾಡಗಿಯ ಮೆಣಸಿನಕಾಯಿ, ಹಾಸನದ ಆಲೂಗಡ್ಡೆ, ಚಳ್ಳಕೆರೆಯ ಶೇಂಗಾ ಅಮೆರಿಕ ಖಂಡಗಳ ಕಡೆಯವು. ವಾವಿಲೋವ್ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ ಇರುವುದು ಭತ್ತ, ಬದನೆ, ಸೌತೆ, ಮಾವು ಮುಂತಾದವು. ಒಂದು ಊಟದ ಎಲೆಗೆ ನಾಲ್ಕಾರು ಖಂಡದ ಬೆಟ್ಟಗಳು ಬೇಕು. ಹೀಗಾಗಿ ಎಲ್ಲೋ ದೂರದ ದೇಶದ ಕಣಿವೆಯಲ್ಲಿ ರಾಗಿಯ ಹಳೆಯ ತಳಿಯೊಂದು ಕಣ್ಮರೆಯಾದರೆ, ನಾಳೆ ನಮ್ಮ ರಾಗಿಗೆ ಹೊಸ ರೋಗ ಬಂದಾಗ ಕೇಳಲು ಒಂದು ಮನೆ ಕಡಿಮೆಯಾದಂತೆ.

ಆಲೂಗಡ್ಡೆಯ ವಿಷಯದಲ್ಲಿ ಇದು ಕಣ್ಣಿಗೇ ಕಂಡಿತು. ವಾವಿಲೋವ್ ತಂಡದ ಬುಕಾಸೊವ್ ಮತ್ತು ಯೂಜೆಪ್‌ಚುಕ್ 1920ರ ದಶಕದಲ್ಲಿ ಮೆಕ್ಸಿಕೊ ಮತ್ತು ಆಂಡೀಸ್ ಸೀಮೆಗೆ ಹೋದರು. ಯುರೋಪಿನವರು ಆಲೂಗಡ್ಡೆ ಎಂದರೆ ಒಂದೇ ಜಾತಿ ಎಂದುಕೊಂಡಿದ್ದರು. ಅಲ್ಲಿ ಹಲವು ಸಾಗುವಳಿ ಜಾತಿಗಳೂ ಅದಕ್ಕಿಂತ ಹೆಚ್ಚು ಕಾಡು ಜಾತಿಗಳೂ ಸಿಕ್ಕವು. ಹಾಸನದ ಕಡೆಯ ರೈತರಿಗೆ ಅಂಗಮಾರಿ ರೋಗ ಎಂದರೆ ಏನೆಂದು ಹೇಳಬೇಕಾಗಿಲ್ಲ. ಮೋಡ ಮುಸುಕಿ ನಾಲ್ಕು ದಿನ ಜಿಟಿಜಿಟಿ ಹಿಡಿದರೆ ಹೊಲವೇ ಕಪ್ಪಾಗುತ್ತದೆ. ಆ ರೋಗವನ್ನು ತಡೆಯುವ ಗುಣವನ್ನು ತಳಿವಿಜ್ಞಾನಿಗಳು ತೆಗೆದುಕೊಂಡದ್ದು ಮೆಕ್ಸಿಕೊದ ಒಂದು ಕಾಡು ಆಲೂಗಡ್ಡೆಯಿಂದ. ಬೇಯಿಸಿ ತಿನ್ನಲು ಲಾಯಕ್ಕಿಲ್ಲದ ಗಿಡವದು. ರೋಗಾಣು ಆಮೇಲೆ ಆ ಗುಣವನ್ನೂ ಮೀರಿ ನಿಂತಿತು, ಮತ್ತೆ ಬೇರೆ ಕಾಡು ಜಾತಿ ಹುಡುಕಬೇಕಾಯಿತು. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

1929ರಲ್ಲಿ ಮಧ್ಯ ಏಷ್ಯಾದ ಅಲ್ಮಾ ಅಟಾ ನಗರದ ಸುತ್ತ ಅವರು ಕಂಡದ್ದು ಕಾಡಿನ ತುಂಬ ಸೇಬು. ಬೆಟ್ಟದ ಇಳಿಜಾರಿನಲ್ಲಿ ಯಾರೂ ನೆಡದ ಮರಗಳು, ಹಣ್ಣು ಒಂದೊಂದು ಮರದಲ್ಲಿ ಒಂದೊಂದು ಗಾತ್ರ, ಒಂದೊಂದು ರುಚಿ. ಅಂಗಡಿಯ ಸೇಬಿನ ತವರು ಇದೇ ಇರಬೇಕು ಎಂದು ಅವರು ಅಂದಾಜಿಸಿದರು. ದಶಕಗಳ ನಂತರ ಡಿಎನ್‌ಎ ಪರೀಕ್ಷೆಗಳು ಅದನ್ನು ಎತ್ತಿಹಿಡಿದವು. ಆ ಹೊತ್ತಿಗೆ ನಗರ ಬೆಳೆದು ಸೇಬಿನ ಕಾಡನ್ನು ಸಾಕಷ್ಟು ನುಂಗಿತ್ತು. ಆ ಕಾಡು ಸೇಬು ಈಗ ಅಪಾಯದಲ್ಲಿರುವ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಮನೆ, ರಸ್ತೆ ಕಟ್ಟಿದ ಎಂಜಿನಿಯರ್‌ಗಳ ಹಾಳೆಯಲ್ಲಿ ಅದಕ್ಕೆ ಕಾಲಂ ಇತ್ತೋ ಇಲ್ಲವೋ.

1930ರ ದಶಕದ ಆರಂಭದಲ್ಲಿ ಅಮೆರಿಕ ಖಂಡಗಳ ಪ್ರವಾಸ. 1932ರಲ್ಲಿ ಅಮೆರಿಕದ ಬಾರ್ಲಿ ತಜ್ಞ ಹ್ಯಾರಿ ಹಾರ್ಲನ್ ಅವರ ಮನೆಗೂ ಹೋಗಿದ್ದರು. ಆ ಮನೆಯ ಹದಿನೈದರ ಹುಡುಗ ಜ್ಯಾಕ್ ಇವರ ಮಾತಿಗೆ ಮರುಳಾದ. ಅವನ ವಿಷಯ ಆಮೇಲೆ ಬರುತ್ತದೆ. 1933ರ ನಂತರ ವಾವಿಲೋವ್ ದೇಶ ಬಿಟ್ಟು ಹೊರಗೆ ಹೋಗಲು ಸರ್ಕಾರ ಬಿಡಲಿಲ್ಲ. ಅಷ್ಟರಲ್ಲಾಗಲೇ ಅವರ ಸಂಸ್ಥೆಯಲ್ಲಿ ಜಗತ್ತಿನ ಅತಿ ದೊಡ್ಡ ಬೀಜಸಂಗ್ರಹ ಬೆಳೆದಿತ್ತು. 1940ರ ವೇಳೆಗೆ ಅದು ಸುಮಾರು ಎರಡೂವರೆ ಲಕ್ಷ ಸ್ಯಾಂಪಲ್‌ಗಳಿಗೆ ತಲುಪಿತು.

ಇಲ್ಲಿಂದ ಕಥೆ ಕಷ್ಟದ್ದು. ಸ್ಟಾಲಿನ್ ಸರ್ಕಾರ ರೈತರ ಜಮೀನನ್ನು ಬಲವಂತವಾಗಿ ಸಾಮೂಹಿಕ ಕೃಷಿಗೆ ಒಳಪಡಿಸಿತ್ತು. 1932–33ರಲ್ಲಿ ಉಕ್ರೇನ್ ಮತ್ತಿತರ ಕಡೆ ಮತ್ತೆ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಸರ್ಕಾರಕ್ಕೆ ಹೊಸ ತಳಿ ಬೇಗ ಬೇಕು, ಮೂರು ನಾಲ್ಕು ವರ್ಷದಲ್ಲಿ. ಸಂಗ್ರಹಿಸಿ, ಪರೀಕ್ಷಿಸಿ, ಅಡ್ಡಹಾಯಿಸಿ, ಮತ್ತೆ ಪರೀಕ್ಷಿಸಿ ಒಂದು ತಳಿ ತರಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಆಗ ಮುಂದೆ ಬಂದವನು ಟ್ರೊಫಿಮ್ ಲೈಸೆಂಕೊ. ಬೀಜವನ್ನು ತಂಪಿನಲ್ಲಿಟ್ಟು ಹದಗೊಳಿಸಿದರೆ ಸಾಕು, ಬೆಳೆಯ ಗುಣವನ್ನೇ ಬೇಗ ಬದಲಿಸಬಹುದು, ಮೆಂಡಲ್ ಗಿಂಡಲ್ ಎಲ್ಲ ಬಂಡವಾಳಶಾಹಿಗಳ ಕಟ್ಟುಕಥೆ ಎಂಬುದು ಅವನ ವಾದ. ಸರ್ಕಾರಕ್ಕೆ ಕಿವಿಗೆ ಇಂಪಾದ ಮಾತು. ಮೊದಮೊದಲು ವಾವಿಲೋವ್ ಅವರೇ ಈ ಹಳ್ಳಿ ಹುಡುಗನಿಗೆ ಪ್ರೋತ್ಸಾಹ ಕೊಟ್ಟಿದ್ದರು. ಅವನ ಪ್ರಯೋಗಗಳಲ್ಲಿ ಲೆಕ್ಕ ಸರಿಯಿಲ್ಲ ಎಂದು ಗೊತ್ತಾದ ಮೇಲೆ ಎದುರು ನಿಂತರು.

ತಾವೇ ಮೊದಲ ಅಧ್ಯಕ್ಷರಾಗಿದ್ದ ಕೃಷಿ ವಿಜ್ಞಾನ ಅಕಾಡೆಮಿಯ ಪೀಠ 1935ರಲ್ಲಿ ಅವರ ಕೈತಪ್ಪಿತು. 1938ರಲ್ಲಿ ಅದರ ಮೇಲೆ ಲೈಸೆಂಕೊ ಬಂದು ಕುಳಿತ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂಧನಕ್ಕೆ ಒಳಗಾಗುತ್ತಿದ್ದರು. 1939ರಲ್ಲಿ ಎಡಿನ್‌ಬರೊದಲ್ಲಿ ನಡೆದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನಕ್ಕೆ ವಾವಿಲೋವ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದ್ದರು, ಸರ್ಕಾರ ಅವರನ್ನು ಕಳಿಸಲಿಲ್ಲ. ಲೈಸೆಂಕೊನ ದಾರಿಗೆ ಬಂದಿದ್ದರೆ ಹುದ್ದೆ, ಮನೆ, ಕಾರು ಎಲ್ಲ ಉಳಿಯುತ್ತಿತ್ತು. ಹಾಗೆ ದಾರಿ ಬದಲಿಸಿದವರೂ ಇದ್ದರು. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ, ಮನೆಮಂದಿಯ ಜೀವ ಪಣಕ್ಕಿದ್ದ ಕಾಲ ಅದು. ವಾವಿಲೋವ್ ಬದಲಿಸಲಿಲ್ಲ.

1940ರ ಆಗಸ್ಟ್ 6ರಂದು ಅವರು ಪಶ್ಚಿಮ ಉಕ್ರೇನಿನ ಬೆಟ್ಟಗಳ ಬಳಿ ಗಿಡ ಸಂಗ್ರಹಿಸುತ್ತಿದ್ದರು. ಒಂದು ಕಾರು ಬಂತು. ಮಾಸ್ಕೊದಿಂದ ತುರ್ತು ಕರೆ ಇದೆ ಎಂದು ಹೇಳಿ ಅವರನ್ನು ಕರೆದೊಯ್ದರು. ಜೊತೆಗಿದ್ದವರು ಆಮೇಲೆ ಅವರ ಚೀಲ ಬಿಚ್ಚಿ ನೋಡಿದರೆ, ಅಂದು ಕಿತ್ತ ಗಿಡಗಳ ನಡುವೆ ಸಿಪ್ಪೆ ಬಿಡದ ಹಳೆಯ ಕಾಲದ ಗೋಧಿಯ ತೆನೆಗಳಿದ್ದವು. ಬಯಲಿನಲ್ಲಿ ಎಂದೋ ಮರೆಯಾಗಿ ಬೆಟ್ಟದ ಮೂಲೆಯಲ್ಲಿ ಉಳಿದುಕೊಂಡಿದ್ದ ಜಾತಿ.

ಬ್ರಿಟನ್ ಪರ ಗೂಢಚರ್ಯೆ, ಕೃಷಿ ಹಾಳುಗೆಡವಿದ್ದು ಎಂಬ ಆರೋಪಗಳು. ತಿಂಗಳುಗಟ್ಟಲೆ ರಾತ್ರಿ ವಿಚಾರಣೆ. 1941ರ ಜುಲೈ 9ರಂದು ಕೆಲವೇ ನಿಮಿಷಗಳ ವಿಚಾರಣೆಯಲ್ಲಿ ಮರಣದಂಡನೆ. ಜರ್ಮನ್ ಸೇನೆ ಮಾಸ್ಕೊ ಹತ್ತಿರ ಬಂದಾಗ ಕೈದಿಗಳನ್ನು ಬೇರೆಡೆ ಸಾಗಿಸಿದರು. ಅವರನ್ನು ಹಾಕಿದ್ದು ಸರಾತೊವ್ ಜೈಲಿಗೆ, ಇಪ್ಪತ್ತು ವರ್ಷದ ಹಿಂದೆ ಪಾಠ ಹೇಳಿದ ಅದೇ ಊರು. ಅಲ್ಲಿಯೂ ಸೆರೆಯ ಜೊತೆಗಾರರಿಗೆ ವಿಜ್ಞಾನದ ಪಾಠ ಮಾಡುತ್ತಿದ್ದರಂತೆ. 1942ರಲ್ಲಿ ಶಿಕ್ಷೆಯನ್ನು 20 ವರ್ಷದ ಸೆರೆವಾಸಕ್ಕೆ ಇಳಿಸಿದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು.

ಅವರ ಹೆಂಡತಿ ಯೆಲೆನಾ ಬರುಲಿನಾ ಸ್ವತಃ ಮಸೂರ ಬೇಳೆಯ ತಜ್ಞೆ. ಯುದ್ಧದಿಂದ ತಪ್ಪಿಸಿಕೊಂಡು ಮಗನೊಂದಿಗೆ ಆಕೆ ಬಂದು ಸೇರಿದ್ದೂ ಸರಾತೊವ್‌ಗೇ. ಗಂಡ ಮಾಸ್ಕೊ ಜೈಲಿನಲ್ಲಿದ್ದಾರೆ ಎಂದುಕೊಂಡು ತನ್ನ ಹೊಟ್ಟೆಗೆ ಇಲ್ಲದಿದ್ದರೂ ಆಹಾರದ ಪೊಟ್ಟಣ ಕಟ್ಟಿ ಮಾಸ್ಕೊಗೆ ಕಳಿಸುತ್ತಿದ್ದರು. ಅದೇ ಊರಿನ ಜೈಲಿನಲ್ಲಿ ಗಂಡ ಇದ್ದದ್ದು ಆಕೆಗೆ ಯಾರೂ ಹೇಳಲಿಲ್ಲ. 1943ರ ಜನವರಿ 26ರಂದು ವಾವಿಲೋವ್ ತೀರಿಕೊಂಡರು. ಆಗ ಅವರಿಗೆ 55 ವರ್ಷ.

ಇತ್ತ ಲೆನಿನ್‌ಗ್ರಾಡ್ 1941ರ ಸೆಪ್ಟೆಂಬರ್‌ನಿಂದ ಜರ್ಮನ್ ಮುತ್ತಿಗೆಯಲ್ಲಿತ್ತು. ಸುಮಾರು 900 ದಿನ. ಮೊದಲ ಚಳಿಗಾಲದಲ್ಲಿ ಒಂದು ಹಂತದಲ್ಲಿ ಬಹುಪಾಲು ಜನರಿಗೆ ದಿನಕ್ಕೆ ಸಿಗುತ್ತಿದ್ದ ರೊಟ್ಟಿ 125 ಗ್ರಾಂ. ಸಂಸ್ಥೆಯ ಕಪಾಟುಗಳಲ್ಲಿ ಟನ್‌ಗಟ್ಟಲೆ ಭತ್ತ, ಗೋಧಿ, ಬಟಾಣಿ, ಶೇಂಗಾ. ಮುಖ್ಯಸ್ಥರು ದೇಶದ್ರೋಹಿ ಎಂಬ ಹಣೆಪಟ್ಟಿ ಹೊತ್ತು ಎಲ್ಲಿದ್ದಾರೆಂಬುದೇ ಗೊತ್ತಿಲ್ಲ. ಆದರೂ ಅಲ್ಲಿನ ಸಿಬ್ಬಂದಿ ಆ ಬೀಜ ಮುಟ್ಟಲಿಲ್ಲ. ಇಲಿಗಳಿಂದ ಕಾಪಾಡಲು ತಗಡಿನ ಡಬ್ಬಿಗೆ ತುಂಬಿದರು. ಆಲೂಗಡ್ಡೆ ಹೆಪ್ಪುಗಟ್ಟದಂತೆ ನೆಲಮಾಳಿಗೆಯಲ್ಲಿ ಸಿಕ್ಕಿದ್ದನ್ನೆಲ್ಲ ಸುಟ್ಟು ಬಿಸಿ ಕಾಪಾಡಿದರು. ಶೇಂಗಾ ತಜ್ಞ ಅಲೆಕ್ಸಾಂಡರ್ ಶುಕಿನ್ ಕೆಲಸದ ಮೇಜಿನಲ್ಲೇ ಸತ್ತರು. ಭತ್ತದ ತಜ್ಞ ದಿಮಿತ್ರಿ ಇವಾನೊವ್ ಸತ್ತಾಗ ಅವರ ಸುತ್ತ ಸಾವಿರಾರು ಪೊಟ್ಟಣ ಭತ್ತವಿತ್ತು. ಇನ್ನೂ ಹಲವರು ಹೀಗೇ ಹೋದರು. ಇದನ್ನು ತ್ಯಾಗ ಎಂದು ಒಂದು ಪದದಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಾಗುವುದಿಲ್ಲ. ಅವರಲ್ಲಿ ಒಬ್ಬೊಬ್ಬರಿಗೂ ಆ ಪೊಟ್ಟಣದ ಮೇಲಿನ ಊರಿನ ಹೆಸರು ಗೊತ್ತಿತ್ತು. ಆ ಕಣಿವೆಗೆ ಮತ್ತೆ ಹೋದರೂ ಅದೇ ತಳಿ ಸಿಗುತ್ತದೆಂಬ ಭರವಸೆ ಇರಲಿಲ್ಲ.

1955ರಲ್ಲಿ ಸೋವಿಯತ್ ಸರ್ಕಾರ ವಾವಿಲೋವ್ ಮೇಲಿನ ಆರೋಪಗಳನ್ನು ರದ್ದು ಮಾಡಿತು. ಈಗ ಆ ಸಂಸ್ಥೆಗೆ ಅವರದೇ ಹೆಸರು. ಅವರ ಪ್ರವಾಸಕಥನದ ಹಸ್ತಪ್ರತಿಯಲ್ಲಿ ಉಳಿದ ಭಾಗ ‘ಐದು ಖಂಡಗಳು’ ಎಂಬ ಹೆಸರಿನಲ್ಲಿ 1962ರಲ್ಲಿ ಅಚ್ಚಾಯಿತು.

ನಕ್ಷೆಯ ಕಥೆ ಏನಾಯಿತು? ವಿಜ್ಞಾನಿಗಳು ಅದನ್ನು ಸಾಕಷ್ಟು ತಿದ್ದಿದ್ದಾರೆ. ವೈವಿಧ್ಯ ಹೆಚ್ಚಿದ್ದಲ್ಲೇ ಬೆಳೆ ಹುಟ್ಟಿತು ಎಂಬ ವಾವಿಲೋವ್ ಊಹೆ ಎಲ್ಲ ಕಡೆ ನಿಲ್ಲಲಿಲ್ಲ. ಇಥಿಯೋಪಿಯಾದಲ್ಲಿ ಗೋಧಿಯ ಬಗೆಗಳು ಅಪಾರ, ಆದರೆ ಗೋಧಿಯ ಕಾಡು ಪೂರ್ವಜರು ಅಲ್ಲಿಲ್ಲ. ಇದನ್ನು ಗಟ್ಟಿಯಾಗಿ ವಾದಿಸಿದವರಲ್ಲಿ ಪ್ರಮುಖರು ಆ ಹದಿನೈದರ ಹುಡುಗ, ಜ್ಯಾಕ್ ಹಾರ್ಲನ್. ಬೆಳೆ ಎಲ್ಲಿ ಹುಟ್ಟಿತು ಎಂಬುದು ಇತಿಹಾಸದ ಪ್ರಶ್ನೆ, ಈಗ ಎಲ್ಲಿ ಹೆಚ್ಚು ಬಗೆ ಉಳಿದಿದೆ ಎಂಬುದು ಉಳಿಸುವವರ ಪ್ರಶ್ನೆ. ಎರಡನೆಯದಕ್ಕೆ ವಾವಿಲೋವ್ ನಕ್ಷೆ ಈಗಲೂ ಕೆಲಸಕ್ಕೆ ಬರುತ್ತದೆ. ಇದೇ ಹಾರ್ಲನ್ 1948ರಲ್ಲಿ ಟರ್ಕಿಯ ಪೂರ್ವ ಭಾಗದಲ್ಲಿ ಒಂದು ಗೋಧಿ ತಂದಿದ್ದರು. ಕಾಂಡ ಬಾಗುತ್ತಿತ್ತು, ಹಿಟ್ಟು ರೊಟ್ಟಿಗೆ ಸರಿಬರುತ್ತಿರಲಿಲ್ಲ, ಯಾರಿಗೂ ಬೇಡವಾಗಿತ್ತು. 1960ರ ದಶಕದಲ್ಲಿ ಅಮೆರಿಕದ ವಾಯವ್ಯ ರಾಜ್ಯಗಳ ಗೋಧಿಗೆ ಹಳದಿ ತುಕ್ಕು ರೋಗ ಬಡಿದಾಗ ರೋಗ ತಡೆಯುವ ಗುಣ ಸಿಕ್ಕಿದ್ದು ಆ ಬೇಡದ ಗೋಧಿಯಲ್ಲಿ.

ಬೆಳೆಗಳನ್ನು ಬಿಟ್ಟು ಒಟ್ಟು ಸಸ್ಯಸಂಕುಲಕ್ಕೆ ಇದೇ ಬಗೆಯ ಪ್ರಶ್ನೆಯನ್ನು 1988ರಲ್ಲಿ ಬ್ರಿಟಿಷ್ ಪರಿಸರ ವಿಜ್ಞಾನಿ ನಾರ್ಮನ್ ಮೈಯರ್ಸ್ ಕೇಳಿದರು. 2000ದಲ್ಲಿ ಅವರ ತಂಡ ಇಟ್ಟ ಅಳತೆ ಎರಡು: ಬೇರೆಲ್ಲೂ ಸಿಗದ ಸಸ್ಯಜಾತಿಗಳು ಕನಿಷ್ಠ 1500 ಇರಬೇಕು, ಮೂಲ ಸಸ್ಯಸಂಪತ್ತಿನ ನೆಲದಲ್ಲಿ ಶೇ 70ರಷ್ಟಾದರೂ ಆಗಲೇ ಕಳೆದುಹೋಗಿರಬೇಕು. ಸಂಪತ್ತು ಮತ್ತು ಅಪಾಯ ಎರಡೂ ಸೇರಿದರೆ ಆ ಜಾಗಕ್ಕೆ ಆದ್ಯತೆ. ವಾವಿಲೋವ್ ಲೆಕ್ಕದಲ್ಲಿ ಮೊದಲನೆಯದಿತ್ತು, ಎರಡನೆಯದು ಇರಲಿಲ್ಲ. ಅವರ ಕಾಲಕ್ಕೆ ಆ ಕಣಿವೆಗಳು ಖಾಲಿಯಾಗಬಹುದೆಂಬ ಭಯ ಈಗಿನಷ್ಟು ಇರಲಿಲ್ಲ. ಹೀಗೆ ಆರಿಸಿದ 25 ಪ್ರದೇಶಗಳಲ್ಲಿ ಉಳಿದಿರುವುದು ಭೂಮಿಯ ನೆಲದ ಶೇ 1.4 ಮಾತ್ರ, ಅದರಲ್ಲಿ ಜಗತ್ತಿನ ಶೇ 44ರಷ್ಟು ಸಸ್ಯಜಾತಿಗಳು. ಶ್ರೀಲಂಕಾದ ಜೊತೆ ಸೇರಿ ನಮ್ಮ ಪಶ್ಚಿಮ ಘಟ್ಟ ಆ ಪಟ್ಟಿಯಲ್ಲಿದೆ. ಶಿರಾಡಿಯಲ್ಲೋ ಆಗುಂಬೆಯಲ್ಲೋ ಅಲೈನ್‌ಮೆಂಟ್ ಗೆರೆ ಎಳೆಯುವಾಗ ಆ ಕಾಲಂನಲ್ಲಿ ತುಂಬಲು ಈಗ ಸಂಖ್ಯೆಗಳಂತೂ ಇವೆ.

ಲೆನಿನ್‌ಗ್ರಾಡ್‌ಗೆ ಈಗ ಸೇಂಟ್ ಪೀಟರ್ಸ್‌ಬರ್ಗ್ ಎಂದು ಹೆಸರು. ನಗರದ ಹೊರವಲಯದ ಪಾವ್ಲೊವ್ಸ್ಕ್‌ನಲ್ಲಿ ವಾವಿಲೋವ್ ಕಾಲದಲ್ಲೇ ಶುರುವಾದ ಸಂಸ್ಥೆಯ ತೋಟವಿದೆ. ಮುತ್ತಿಗೆಯ ಸಮಯದಲ್ಲಿ ಅಲ್ಲಿನ ಆಲೂಗಡ್ಡೆಯನ್ನು ಗುಂಡಿನ ಸುರಿಮಳೆಯ ನಡುವೆ ಕಿತ್ತು ಊರೊಳಗೆ ತಂದಿದ್ದರು. ಹಣ್ಣಿನ ಗಿಡಗಳ ಸಾವಿರಾರು ತಳಿಗಳು ಅಲ್ಲಿ ನೆಲದಲ್ಲೇ ಬೇರೂರಿ ನಿಂತಿವೆ. ಅವುಗಳ ಬೀಜದಿಂದ ಅದೇ ತಳಿ ಮತ್ತೆ ಹುಟ್ಟುವುದಿಲ್ಲ, ಆದ್ದರಿಂದ ಪೊಟ್ಟಣ ಕಟ್ಟಿ ಬೇರೆ ಕಡೆ ಇಡುವಂತಿಲ್ಲ. 2010ರಲ್ಲಿ ಆ ಜಮೀನನ್ನು ಮನೆ ಕಟ್ಟಲು ಕೊಡುವ ಪ್ರಯತ್ನ ನ್ಯಾಯಾಲಯದವರೆಗೆ ಹೋಗಿತ್ತು. ಹಲವು ದೇಶಗಳ ವಿಜ್ಞಾನಿಗಳು ದನಿ ಎತ್ತಿದ ಮೇಲೆ ಅದು ನಿಂತಿತು.